ಪಾನಾ ಹತ್ತದ ಎಂಜಿನ್

ನಮ್ಮ ಅಣ್ಣ ಸಿಂಧನೂರಿನಿಂದ ಹಳೇ ಡೀಸೆಲ್ ಕಾರು ತಂದ ದಿನ ಮಸ್ಕಿಯ ನಮ್ಮ ಓಣಿಯ ಸಂಭ್ರಮ ನೋಡಬೇಕಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು, ಬಂಪರಿಗೆ ಕರಿದಾರದಲ್ಲಿ ಕಟ್ಟಿದ ಇನ್ನೊಂದು ನಿಂಬೆಹಣ್ಣು, ಹಿಂದೆ ತೂಗುಬಿಟ್ಟ ಹರಕು ಚಪ್ಪಲಿ. ದರ್ಗಾದ ದಾರವೂ ಬಂತು, ಹನುಮಪ್ಪನ ಕುಂಕುಮವೂ ಬಂತು. ಯಾವ ದೇವರಿಗೂ ಬೇಜಾರಾಗಬಾರದಲ್ಲ! ಹಿಂದಿನ ಗಾಜಿನ ತುಂಬ ‘ಅವ್ವನ ಆಶೀರ್ವಾದ’ ಎಂದು ಬರೆಸಿದ್ದ.

ಕಾರು ತಂದದ್ದೂ ಅವ್ವನಿಗಾಗಿಯೇ. ಅವಳ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಲಿಂಗಸುಗೂರಿಗೆ ಹೋಗಬೇಕು. ಒಂದು ಸರದಿ ತಪ್ಪಿದರೆ ಕಾಲು ಬಾಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಬಸ್ಸಿನ ನೂಕುನುಗ್ಗಲು ಅವಳ ಕೈಲಾಗುತ್ತಿರಲಿಲ್ಲ.

ಕಾರು ಮಾರಿದವರು ಸಿಂಧನೂರು ಕಡೆ ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪಿನ ಯಜಮಾನರು, ತೆಲುಗು ಮನೆಮಾತಿನವರು. ಕೀಲಿ ಕೊಡುವಾಗ ನನ್ನೆದುರಿಗೇ ಹೇಳಿದ್ದರು: “ಮೊದಲು ಟೈಮಿಂಗ್ ಬೆಲ್ಟ್ ಬದಲಿ ಮಾಡಿಸ್ರಿ. ಅದರ ಆಯುಷ್ಯ ಮುಗ್ದೈತಿ, ನಾ ಹಾಕ್ಸಿಲ್ಲ. ಹರಿಯೋ ಮುಂದ ಅದು ನಿಮಗ ಹೇಳಿ ಹರಿಯಂಗಿಲ್ಲ. ಹರೀತಂದ್ರ ಎಂಜಿನ್ ಒಳಗಿಂದೆಲ್ಲಾ ಒಂದಕ್ಕೊಂದು ಬಡಿದು ಹಾಳಾಗ್ತೈತಿ.” ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು?

ನಮ್ಮ ಅಣ್ಣ ಮಹಾ ಜಾಣ. ಮನೆಗೆ ಬಂದವನೇ ಅವ್ವನ ಮುಂದೆ ಅದಕ್ಕೊಂದು ಅರ್ಥ ಹಚ್ಚಿದ. “ಗಾಡಿ ಸಸ್ತಾ ಹೋತಂತ ಅವಂಗ ಹೊಟ್ಟಿ ಉರಿಯಾಕತ್ತೈತಿ. ಅದಕ್ಕ ಅಂಜಸಾಕತ್ತಾನ. ಇದು ಸೀಲ್ ಎಂಜಿನ್ ಬೇ! ಇನ್ನಾ ಒಂದು ಪಾನಾ ಹತ್ತಿಲ್ಲ. ಬಿಚ್ಚಿಸಿದ್ವಿ ಅಂದ್ರ ನಾಳೆ ಯಾರೂ ಮೂಸಿ ಸೈತ ನೋಡಂಗಿಲ್ಲ.”

ಸೀಲ್ ಎಂಜಿನ್! ನಮ್ಮ ಕಡೆ ಹಳೇ ಗಾಡಿ ಕೊಳ್ಳುವವರ ಬಾಯಲ್ಲಿ ಇದೊಂದು ಮಂತ್ರ. ಕಂಪನಿಯಿಂದ ಹೊರಬಿದ್ದ ಮೇಲೆ ಎಂಜಿನ್ನಿಗೆ ಯಾರ ಪಾನಾವೂ, ಅಂದರೆ ಸ್ಪ್ಯಾನರೂ, ತಾಕಿರಬಾರದು, ತಾಕಿದರೆ ಮೈಲಿಗೆ. ಬೆಲ್ಟ್ ಹಾಕಲು ಪಕ್ಕದ ಮುಚ್ಚಳ ತೆಗೆದರೆ ಸಾಕು, ಎಂಜಿನ್ ಬಿಚ್ಚಬೇಕಿಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. “ನೀ ಸಾಲಿ ಹುಡುಗರಿಗೆ ಪಾಠ ಹೇಳು. ಗಾಡಿ ವಿಷಯ ನಂಗ ಬಿಡು” ಎಂದ. ಹೊಸ ಸೀಟ್ ಕವರ್ ಬಂತು. ಕೂತವರ ಎದೆ ನಡುಗಿಸುವ ಸ್ಪೀಕರ್ ಬಂತು. ಬೆಲ್ಟ್ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ನಾವು ಮೂವರೂ ಲಿಂಗಸುಗೂರಿಗೆ ಹೊರಟಿದ್ದೆವು. ಮಸ್ಕಿ ದಾಟಿದ ಮೇಲೆ ಬಾನೆಟ್ಟಿನೊಳಗೆ ‘ಟಪ್’ ಎಂದು ಸದ್ದಾಗಿ ಎಂಜಿನ್ ಸತ್ತಿತು. ಹಾಡು ಮಾತ್ರ ನಡೆದೇ ಇತ್ತು. ಅಣ್ಣ ಕೀಲಿ ತಿರುಗಿಸಿದ, ಮತ್ತೆ ಮತ್ತೆ ತಿರುಗಿಸಿದ. ಬೈಕ್ ನಿಲ್ಲಿಸಿದ ಪುಣ್ಯಾತ್ಮನೊಬ್ಬ “ನೂಕಿದ್ರ ಚಾಲೂ ಆಗ್ತೈತ್ರಿ” ಎಂದು ನೂಕಿದ. ಇನ್ನೊಬ್ಬ ಮಹಾನುಭಾವ ಬಗ್ಗಿ ನೋಡಿ, ಮುಂದೆ ಕಟ್ಟಿದ ನಿಂಬೆಹಣ್ಣು ಒಣಗಿದೆ, ಅದಕ್ಕೇ ಹೀಗಾಯಿತು ಎಂದ. ಅಣ್ಣ ಆ ಮಾತಿಗೆ ತಲೆಯಾಡಿಸಿದ!

ಹಿಂದಿನ ಸೀಟಿನಲ್ಲಿ ಅವ್ವನಿಗೆ ಏದುಸಿರು ಹತ್ತಿತ್ತು. ನಾನು ರಸ್ತೆಗಿಳಿದು ಕೈ ಅಡ್ಡ ಹಾಕಿ ಬಸ್ ನಿಲ್ಲಿಸಿದೆ. “ಬಾ ಅಣ್ಣಾ, ಅವ್ವನ್ನ ಹಿಡಕೊ” ಎಂದರೆ ಅವನ ಉತ್ತರ ಏನು ಗೊತ್ತೇ? “ನೀವ್ ಹೋಗ್ರಿ. ನಾ ಬಂದ್ರ ಇಲ್ಲಿ ಸ್ಪೀಕರ್ ಬಿಚ್ಚಿಕೊಂಡು ಹೋಗ್ತಾರ.” ಥೂ! ಕಂಡಕ್ಟರೇ ಕೆಳಗಿಳಿದು ಅವ್ವನ ರಟ್ಟೆ ಹಿಡಿದು ಹತ್ತಿಸಿದರು.

ಸದ್ಯ, ಸರದಿ ತಪ್ಪಲಿಲ್ಲ. ಅವ್ವನ ಕೈಗೆ ಸೂಜಿ ಚುಚ್ಚಿ ಯಂತ್ರ ತಿರುಗತೊಡಗಿದ ಎಷ್ಟೋ ಹೊತ್ತಿನ ಮೇಲೆ ಅಣ್ಣನ ಫೋನ್ ಬಂತು. ಮೆಕ್ಯಾನಿಕ್ ಬಂದು ನೋಡಿದ್ದನಂತೆ. ಬೆಲ್ಟ್ ಹರಿದು ಒಳಗಿನ ವಾಲ್ವ್‌ಗಳೆಲ್ಲ ಬಾಗಿರುತ್ತವೆ ಎಂದನಂತೆ. “ಎಂಜಿನ್ ಪೂರಾ ಬಿಚ್ಚಬೇಕಂತ. ಸೀಲ್ ಹೋತು, ಎಲ್ಲಾ ಹೋತು” ಎಂದು ಗೋಳಾಡಿದ. ಅವ್ವ ಹೇಗಿದ್ದಾಳೆ ಎಂದು ಒಂದು ಮಾತು ಕೇಳಲಿಲ್ಲ.

ಫೋನಿನಿಂದ ಹೊರಗೂ ಕೇಳುತ್ತಿದ್ದ ಅವನ ಗೋಳನ್ನು ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ನಳಿಕೆಯಲ್ಲಿ ಹರಿಯುವ ತನ್ನ ರಕ್ತವನ್ನೇ ನೋಡುತ್ತ, ಫೋನ್ ಬಾಯಿ ಹತ್ತಿರ ಹಿಡಿ ಎಂದು ನನಗೆ ಸನ್ನೆ ಮಾಡಿದಳು.

“ವಾರಕ್ಕ ಮೂರು ಸಲ ನನ್ನ ಮೈಯಾಗಿನ ರಗತ ಹೊರಗ ತಗದು, ತೊಳದು, ತಿರುಗಿ ಹಾಕ್ತಾರಪಾ. ನನ್ನ ಸೀಲ್ ಯಾವಾಗೋ ಹೋಗೇತಿ. ನನ್ನೂ ಮೂಸಿ ನೋಡಂಗಿಲ್ಲೇನು ನೀ?”