ತಲೆ ಮುಟ್ಟಿದ ಕೈ

ವೈಟ್‌ಫೀಲ್ಡ್‌ನ ಪ್ರಯೋಗಾಲಯವೊಂದರಲ್ಲಿ ನಾನು ಮನುಷ್ಯರ ಮೆದುಳು ಗಮನ ಕೊಡುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದೆ. ಬಂದವರ ತಲೆಗೆ ತಂತಿಗಳ ಟೋಪಿ ಹಾಕಿ, ಕೂದಲು ಬಿಡಿಸಿ ಜೆಲ್ ಹಚ್ಚುವ ಕೆಲಸ ಪಟ್ಟಂದೂರು ಅಗ್ರಹಾರದ ಅಕ್ಕ ಒಬ್ಬರದು. ನಾನು ಗಾಜಿನಾಚೆ ಕೂತು, ಮೆದುಳಿನ ಸಂಕೇತಗಳು ಪರದೆಯ ಮೇಲೆ ಮೂಡಿಸುವ ಗೆರೆಗಳನ್ನು ನೋಡುತ್ತಿದ್ದೆ. ದಾವಣಗೆರೆಯಿಂದ ಬಂದು ಎರಡು ವರ್ಷವಾಗಿದ್ದರೂ ಈ ಊರಲ್ಲಿ ನನಗೆ ನನ್ನವರು ಅಂತ ಯಾರೂ ಇರಲಿಲ್ಲ. ಭಾನುವಾರವೆಲ್ಲ ಮಾತಿಲ್ಲದೆ ಕಳೆದು, ಸೋಮವಾರ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು.

ಒಂದು ಬೆಳಿಗ್ಗೆ ಪರೀಕ್ಷೆಗೆ ಬರಬೇಕಾದವರು ಬರಲಿಲ್ಲ. ಹೊಸ ಟೋಪಿ ಸರಿಯಿದೆಯೇ ಎಂದು ನೋಡಲೇಬೇಕಿತ್ತು. ನಾನೇ ಕುರ್ಚಿಯಲ್ಲಿ ಕೂತೆ. ಅಕ್ಕ ಟೋಪಿ ಹಾಕಿ, ಬೆರಳಿನಿಂದ ಕೂದಲು ಬಿಡಿಸುತ್ತಾ, "ಎಣ್ಣೆ ಕಂಡು ಎಷ್ಟು ದಿನ ಆಯ್ತು ಮೇಡಂ ಈ ತಲೆ?" ಅಂದರು.

"ಪರೀಕ್ಷೆಗೆ ಎಣ್ಣೆ ಹಚ್ಚಬಾರದಲ್ಲ ಅಕ್ಕಾ."

"ನೀವೇನು ದಿನಾ ಪರೀಕ್ಷೆಗೆ ಕೂರ್ತೀರಾ?"

ನಗಲು ಹೋದೆ, ಆಗಲಿಲ್ಲ. ನನ್ನ ತಲೆಯನ್ನು ಯಾರಾದರೂ ಮುಟ್ಟಿ ತಿಂಗಳುಗಳೇ ಆಗಿದ್ದವು. ಕಣ್ಣು ತುಂಬಿ ಬಂತು. ಜೆಲ್ ಹಚ್ಚಿ ಮುಗಿಸಿ ಗಾಜಿನಾಚೆಯ ಪರದೆಯತ್ತ ನೋಡುತ್ತಿದ್ದ ಅಕ್ಕ, "ಮೇಡಂ, ಕಣ್ಣು ಮಿಟುಕಿಸ್ಬೇಡಿ, ಗೆರೆ ಎಲ್ಲ ಎಂಗೆಂಗೋ ಕುಣೀತಾವೆ" ಅಂದವರು ನನ್ನ ಮುಖ ನೋಡಿದರು. ಏನೂ ಕೇಳದೆ ಟೋಪಿ ಬಿಚ್ಚಿದರು.

"ಇವತ್ತು ಬೇಡ ಬಿಡಿ. ಬನ್ನಿ, ತಲೆ ತೊಳೀತೀನಿ."

ಸಿಂಕಿನ ಮೇಲೆ ಬಗ್ಗಿದೆ. ಬಿಸಿನೀರು ಹೊಯ್ದು, ಮಗುವಿಗೆ ತೊಳೆದಂತೆ ನಿಧಾನವಾಗಿ ತೊಳೆದರು.

"ಓಯ್ತಾ ಮೇಡಂ ಜೆಲ್ಲು?"

ಜೆಲ್ ಎಲ್ಲ ಆಗಲೇ ಹೋಗಿತ್ತು.

"ಇನ್ನೂ ಸ್ವಲ್ಪ ಇದೆ ಅಕ್ಕಾ" ಅಂದೆ.