ನೀಲಾಬಾಯಿಯ ವೆಬ್‌ಸೈಟಿಗೆ ಕಟ್ಟಿದ ತೋರಣ

ತಿಕೋಟಾದ ನೀಲಾಬಾಯಿಗೆ ಹೊಗಳಿಕೆ ಆಗಿಬರುತ್ತಿರಲಿಲ್ಲ. ಯಾರಾದರೂ ಎದುರು ಸಿಕ್ಕು, "ನಿಮ್ಮ ಕಾದಂಬರಿ ಓದೇನ್ರಿ, ಭಾಳ ಚಲೋ ಐತಿ" ಎಂದರೆ ಅವರ ಮುಖ ಅರಳುವ ಬದಲು ಕಣ್ಣು ಸಣ್ಣದಾಗುತ್ತಿತ್ತು. "ಹೌದೇನ್ರಿ? ಹಂಗಾರ ಕಡೀಕ ಏನಾತು, ಹೇಳ್ರಿ ನೋಡೂಣು" ಎಂದು ನಿಂತಲ್ಲೇ ಪರೀಕ್ಷೆ ಇಟ್ಟುಬಿಡುತ್ತಿದ್ದರು. ಪಾಪ, ಮದುವೆ ಮನೆಯಲ್ಲಿ ಊಟದ ತಟ್ಟೆ ಹಿಡಿದುಕೊಂಡು ಒಂದು ಒಳ್ಳೆಯ ಮಾತಾಡಲು ಬಂದವರು ಏನು ಹೇಳಬೇಕು? ತಡವರಿಸುತ್ತಿದ್ದರು. ನೀಲಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು.

ಇದು ಹುಟ್ಟುಗುಣವಲ್ಲ, ನೌಕರಿ ಕಲಿಸಿದ್ದು. ಬಬಲೇಶ್ವರದಲ್ಲಿ ಹುಟ್ಟಿ ಬೆಳೆದ ಹುಡುಗಿ ಆಗಿನ ಬಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದಳು. ಟ್ರಂಕ್ ಕಾಲ್ ಜೋಡಿಸುವಾಗ ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು. "ಎಲ್ಲಾ ನಿಮ್ಮ ಆಶೀರ್ವಾದ ಮಾವಾರ" ಎಂದ ಅಳಿಯ, ಆ ಕಡೆ ಮಾವ ರಿಸೀವರ್ ಇಟ್ಟನೋ ಇಲ್ಲವೋ, ಪಕ್ಕದವನ ಮುಂದೆ ಅದೇ ಮಾವನ ಜನ್ಮ ಜಾಲಾಡುತ್ತಿದ್ದ. ವರ್ಷಗಟ್ಟಲೆ ಇದನ್ನು ಕೇಳಿದ ಮೇಲೆ ಯಾರ ಮಾತನ್ನು ನಂಬುವುದು? ಎದುರಿಗೆ ಆಡಿದ್ದು ಮಾತಲ್ಲ, ತಂತಿ ಕಡಿದ ಮೇಲೆ ಆಡಿದ್ದೇ ಮಾತು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕೇಳಿದ ಸಂಸಾರಗಳೆಲ್ಲ ತಲೆಯಲ್ಲಿ ತುಂಬಿಕೊಂಡು ಕಾದಂಬರಿಗಳಾದವು. ಒಂಬತ್ತು ಬರೆದರು. ಅವು ಅಚ್ಚಾಗಿ, ಕಟ್ಟುಕಟ್ಟಾಗಿ ಗ್ರಂಥಾಲಯಗಳಿಗೆ ಹೋದವು. ಆಮೇಲೆ ಏನಾದವೋ ಆ ದೇವರೇ ಬಲ್ಲ. ಸಭೆಗಳಲ್ಲಿ ಶಾಲು ಹೊದೆಸಿದರು, ಹಾರ ಹಾಕಿದರು. ಆದರೆ ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ತಾವು ಬರೆದದ್ದನ್ನು ಕಡೆಯ ಸಾಲಿನವರೆಗೆ ಓದಿದ್ದಾರೆಯೇ? ನಿವೃತ್ತರಾಗಿ ಗಂಡನ ಊರು ತಿಕೋಟಾಕ್ಕೆ ಬಂದು ನೆಲೆಸಿದ ಮೇಲೂ ನೀಲಾಬಾಯಿಯನ್ನು ಕೊರೆಯುತ್ತಿದ್ದದ್ದು ಇದೊಂದೇ.

ದ್ರಾಕ್ಷಿ ತೋಟ, ಮೊಬೈಲಿನ ಹಾಸ್ಯದ ವಿಡಿಯೊ, ಇವೆರಡರಲ್ಲೇ ಸುಖವಾಗಿದ್ದ ಗಂಡ ಬಸಗೊಂಡಪ್ಪ ಹೆಂಡತಿಯ ಗೊಣಗಾಟ ಕೇಳಿ ಕೇಳಿ ಸಾಕಾಗಿ, "ವೆಬ್‌ಸೈಟ್ ಮಾಡ್ಸ ಬಿಡು. ಓದಿದವ್ರು ಅಲ್ಲೇ ಬರದು ಹೋಗ್ತಾರ, ನಿನಗೂ ಸಮಾಧಾನ, ನನಗೂ ಸಮಾಧಾನ" ಎಂದರು. ಹಾಗೆ ಶುರುವಾಯಿತು.

ಮಾಡಿಕೊಟ್ಟವಳು ಸಮ್ರೀನ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಅಂಗಡಿಗಳ ವೆಬ್‌ಸೈಟು ಎಲ್ಲ ಮಾಡುತ್ತಿದ್ದಳು. ಚುರುಕು ಹುಡುಗಿ, ಕೆಲಸದಲ್ಲಿ ಹೆಸರಿಡುವ ಹಾಗಿಲ್ಲ. ಬಿಳಿ ಹಾಳೆಯಂಥ ಪುಟ, ಮಧ್ಯೆ ಪುಸ್ತಕಗಳ ಮುಖಪುಟ, ಕೆಳಗೆ ‘ಓದುಗರ ಮಾತು’ ಎಂದು ಬರೆಯಲು ಜಾಗ. ವರ್ಷವಾದರೂ ಅಲ್ಲಿ ಒಂದು ನರಪಿಳ್ಳೆ ಮಾತಾಡಲಿಲ್ಲ. ಹುಡುಗಿ ಅದನ್ನು ಚಾಲೂ ಮಾಡಿದ್ದಾಳೋ ಇಲ್ಲವೋ ಎಂದು ನೀಲಾಬಾಯಿಗೆ ಗುಮಾನಿ ಬಂತು. ಬಸ್ಸು ಹತ್ತಿ ಅಂಗಡಿಗೇ ಬಂದು ಕೂತರು.

"ಚಾಲೂ ಐತ್ರಿ ಅಮ್ಮಾರ. ಒಂದು ಪ್ರಕರಣ ಪುಕ್ಕಟೆ ಓದಾಕ ಇಟ್ರ ಮಂದಿ ಬರ್ತಾರ" ಎಂದಳು ಸಮ್ರೀನ.

"ಕದೀತಾರ."

"ನೀವು ಮಾತಾಡೂ ಒಂದು ಸಣ್ಣ ವಿಡಿಯೊ ಹಾಕೂಣ್ರಿ?"

"ನನ್ನ ದನಿ ಹಿಡದು ಬ್ಯಾಂಕಿಗೆ ಫೋನ್ ಮಾಡ್ತಾರ. ಪೇಪರಿನ್ಯಾಗ ಬಂದಿತ್ತು." ನೀಲಾಬಾಯಿ ಪರದೆಯ ಹತ್ತಿರ ಬಗ್ಗಿದರು. "ಅದೆಲ್ಲ ಇರ್ಲಿ, ಇಷ್ಟು ಜಾಗ ಯಾಕ ಖಾಲಿ ಬಿಟ್ಟಿ? ಕೆಲಸ ತಪ್ಪಸ್ಕೊಳ್ಳಾಕನ?"

"ಖಾಲಿ ಇದ್ರ ಕಣ್ಣಿಗೆ ಆರಾಮ್ರಿ. ಇದು ಮನಿ ಮುಂಬಾಗಲ ಇದ್ದಂಗ, ಸ್ವಚ್ಛ ಇರಬೇಕು."

"ಮುಂಬಾಗಲಾ? ಹಂಗಾರ ತೋರಣ ಎಲ್ಲೈತಿ? ದೀಪ ಎಲ್ಲೈತಿ? ಬೋಳು ಬಾಗಲಕ್ಕ ಯಾರ ಬರ್ತಾರ ಬೇ?"

ಸಮ್ರೀನ ಬೇಡವೆಂದಷ್ಟೂ ನೀಲಾಬಾಯಿಗೆ ಅದು ಬೇಕೇ ಬೇಕು ಎನಿಸಿತು. ಕಡೆಗೆ ಪುಟದ ಮೇಲುಗಡೆ ಉದ್ದಕ್ಕೂ ಚೆಂಡುಹೂವಿನ ತೋರಣ ಇಳಿಯಿತು. ಅದರ ಕೆಳಗೆ ಒಂದು ಕಡೆ ನೀಲಾಬಾಯಿಯ ಫೋಟೊ, ಇನ್ನೊಂದು ಕಡೆ ಮಿಣಮಿಣ ಉರಿಯುವ ದೀಪ. ಹುಟ್ಟಿದ ತಾರೀಖು ಕೇಳಿದರೆ ಸುತರಾಂ ಕೊಡಲಿಲ್ಲ, ಅದರಿಂದಲೂ ಮೋಸ ಮಾಡುತ್ತಾರಂತೆ. ಅದರ ಬದಲು ‘ಸಾಹಿತ್ಯ ಸೇವೆ 1984–2024’ ಎಂದು ಬರೆಸಿದರು. ‘ಓದುಗರ ಮನದಲ್ಲಿ ಎಂದೆಂದಿಗೂ’ ಎಂಬ ಸಾಲನ್ನೂ ತಾವೇ ಹೇಳಿ ಸೇರಿಸಿದರು. ಅಂಗಡಿಯ ದೊಡ್ಡ ಪರದೆಯ ಮೇಲೆ ಎಲ್ಲ ದಸರೆಯ ದಿನದ ಮನೆಯ ಹಾಗೆ ಕಳೆಕಳೆಯಾಗಿ ಕಂಡಿತು.

"ಫೋನಿನ್ಯಾಗ ಒಮ್ಮೆ ನೋಡ್ಬೇಕ್ರಿ ಅಮ್ಮಾರ. ಅಲ್ಲಿ ಜಾಗ ಸಣ್ಣದು, ಎಲ್ಲಾ ಬ್ಯಾರೆ ರೀತಿ ಕೂಡ್ತೈತಿ. ನಾಳಿಗೆ ನೆಟ್ಟಿನ್ಯಾಗ ಏರಸ್ತೇನಿ."

"ನಾಳಿಗೆ ಅಂದ್ರ ನಾ ಇಲ್ಲದಾಗ. ಏನ ಬದಲ ಮಾಡ್ತಿಯೋ ಏನೋ. ಈಗ, ನನ್ನ ಮುಂದ ಏರಸು."

ಏರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮೇಲೆ ಬೀಗದ ಕೈ ತಮ್ಮ ಹತ್ತಿರವೇ ಇರಬೇಕೆಂದು ಪಾಸ್‌ವರ್ಡನ್ನೂ ಬದಲಿಸಿದರು. ಒಂದು ಕೈಯಿಂದ ಕೀಲಿಮಣೆಯ ಮೇಲೆ ಸೆರಗು ಮುಚ್ಚಿ, ಇನ್ನೊಂದು ಕೈಯ ಒಂದೇ ಬೆರಳಿನಿಂದ ಟೈಪು ಮಾಡಿದರು. ಸಮ್ರೀನ ನಗು ತಡೆದುಕೊಂಡು ಗೋಡೆ ನೋಡುತ್ತ ನಿಂತಳು.

ಮರುದಿನದಿಂದಲೇ ಮನೆಯ ಲ್ಯಾಂಡ್‌ಲೈನಿಗೆ ವಿಚಿತ್ರ ಕರೆಗಳು ಬರತೊಡಗಿದವು. ಎತ್ತಿ, "ಹಲೋ, ನೀಲಾಬಾಯಿ ಮಾತಾಡಾಕತ್ತೇನಿ" ಎಂದ ಕೂಡಲೇ ಆ ಕಡೆ ‘ಹ್ಞಾ!’ ಎಂಬ ಉಸಿರು, ಆಮೇಲೆ ಫೋನು ಕಟ್. ಇನ್ನೊಂದು, ಮತ್ತೊಂದು, ಎಲ್ಲವೂ ಹೀಗೇ. ನೀಲಾಬಾಯಿಯ ಕಿವಿ ನೆಟ್ಟಗಾದವು. ಮನೆಯಲ್ಲಿ ಯಾರಿದ್ದಾರೆಂದು ಕಳ್ಳರು ಹೊಂಚು ಹಾಕುತ್ತಿದ್ದಾರೆ ಎಂದು ಹಿತ್ತಲ ಬಾಗಿಲಿಗೆ ಎರಡನೇ ಚಿಲಕ ಹಾಕಿಸಿದರು.

ಆಮೇಲೆ ಸಮ್ರೀನ ಫೋನು ಮಾಡಿದಳು. "ಅಮ್ಮಾರ, ಆ ಪಾಸ್‌ವರ್ಡ್ ಸ್ವಲ್ಪ ಹೇಳ್ರಿ. ಮೊದಲನೇ ಪುಟ ಬದಲ ಮಾಡ್ಬೇಕ್ರಿ."

"ಯಾಕ?"

"ಅದು... ಫೋನಿನ್ಯಾಗ ಸರಿ ಕಾಣವಲ್ದರಿ."

"ಸರಿ ಕಾಣವಲ್ದು ಅಂದ್ರ ಹೆಂಗ ಕಾಣ್ತೈತಿ?"

ಹುಡುಗಿ ತೊದಲಿದಳು. ಹಿರಿಯರಿಗೆ ಅಂಥ ಮಾತು ಬಾಯಿಬಿಟ್ಟು ಹೇಳುವುದಾದರೂ ಹೇಗೆ? "ಚಲೋ ಕಾಣವಲ್ದರಿ" ಎಂದಷ್ಟೇ ಮತ್ತೆ ಅಂದಳು. ಫೋನಿನಲ್ಲಿ ಪಾಸ್‌ವರ್ಡ್ ಕೇಳುವವರು, ಕಾರಣ ಕೇಳಿದರೆ ತೊದಲುವವರು! ನೀಲಾಬಾಯಿ ಮಾತಿಲ್ಲದೆ ರಿಸೀವರ್ ಇಟ್ಟರು. "ಆ ಹುಡುಗೀನೂ ಅವರ ಪೈಕೀನ" ಎಂದು ಗಂಡನ ಮುಂದೆ ತೀರ್ಪು ಕೊಟ್ಟರು. ಬಸಗೊಂಡಪ್ಪ ಯಾರ ಪೈಕಿ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ, ವಿಜಯಪುರದ ಒಂದು ಸಾಹಿತ್ಯ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತಿದ್ದ. ಮುಖ ಜೋಲು ಬಿದ್ದಿತ್ತು, ಕೈಯಲ್ಲಿ ದೊಡ್ಡ ಹೂವಿನ ಹಾರ. ನೀಲಾಬಾಯಿ ಕಸಬರಿಗೆ ಹಿಡಿದುಕೊಂಡೇ ಬಂದು, "ಬರ್ರಿ, ಏನ ಇಷ್ಟ ಹೊತ್ತಿಗೆ?" ಎಂದರು. ಆತನ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ಹಾರ ಬೆನ್ನ ಹಿಂದೆ ಹೋಯಿತು. "ಸುಮ್ಮನ... ಇದೇ ದಾರಿಗುಂಟ ಹೊಂಟಿದ್ದೆ... ಆರಾಮ ಅದೀರಿ?" ಎಂದ. ಚಹಾ ಕುಡಿದ. ಕುಡಿಯುತ್ತಲೇ ನೀಲಾಬಾಯಿಯ ಕಾಲನ್ನು ಮತ್ತೆ ಮತ್ತೆ ಕದ್ದು ನೋಡಿದ, ನೆಲಕ್ಕೆ ತಾಗಿವೆಯೋ ಇಲ್ಲವೋ ಎನ್ನುವ ಹಾಗೆ. ಹಾರವನ್ನು ಹಾಗೆಯೇ ಹೊತ್ತುಕೊಂಡು ಹೋದ.

ಇನ್ನು ತಡೆಯಲು ಸಾಧ್ಯವಿರಲಿಲ್ಲ. ಎಲ್ಲರೂ ಸೇರಿ ತಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ, ಅದರ ಬುಡ ಆ ಅಂಗಡಿಯಲ್ಲೇ ಇದೆ ಎಂದು ಖಾತ್ರಿಯಾಗಿ ನೀಲಾಬಾಯಿ ವಿಜಯಪುರದ ಬಸ್ಸು ಹತ್ತಿದರು.

"ಏನ ನಡಿಸೀರಿ ನೀವೆಲ್ಲಾರೂ?"

ಸಮ್ರೀನ ತನ್ನ ಮೊಬೈಲು ತೆಗೆದು ಅವರ ಕೈಯಲ್ಲಿಟ್ಟು ತಲೆ ತಗ್ಗಿಸಿದಳು. ನೀಲಾಬಾಯಿಯ ಬಳಿ ಇದ್ದದ್ದು ಒತ್ತುವ ಗುಂಡಿಯ ಹಳೇ ಫೋನು, ಹಾಗಾಗಿ ತಮ್ಮ ವೆಬ್‌ಸೈಟನ್ನು ಮೊಬೈಲಿನಲ್ಲಿ ಅವರು ನೋಡಿದ್ದು ಇದೇ ಮೊದಲು. ಅಗಲವಾದ ಪರದೆಯಲ್ಲಿ ಬಾಗಿಲ ಮೇಲೆ ತೂಗುತ್ತಿದ್ದ ತೋರಣ, ಇಲ್ಲಿ ಜಾಗ ಸಾಲದೆ ಕುಗ್ಗಿ ಬಾಗಿ ಅವರ ಫೋಟೊದ ಕೊರಳಿಗೇ ಬಿದ್ದಿತ್ತು. ಪಕ್ಕದ ದೀಪ ಫೋಟೊದ ಕೆಳಗೆ ಸರಿದು ಉರಿಯುತ್ತಿತ್ತು. ಅದರ ಅಡಿಗೆ, ‘ಸಾಹಿತ್ಯ ಸೇವೆ’ ಎಂಬುದು ಜಾಗ ಸಾಲದೆ ಮಾಯವಾಗಿ, ಬರೀ 1984–2024. ಅದರ ಅಡಿಗೆ, ಓದುಗರ ಮನದಲ್ಲಿ ಎಂದೆಂದಿಗೂ.

"ಯವ್ವಾ..." ಎಂದು ನೀಲಾಬಾಯಿ ಕುರ್ಚಿಯಲ್ಲಿ ಕುಸಿದರು. "ನನ್ನ ಸಾಯಿಸಿಬಿಟ್ಟೆಲ್ಲ ಬೇ!"

"ಹೇಳಾಕ ಬಾಯಿ ಬರ್ಲಿಲ್ರಿ ಅಮ್ಮಾರ. ಯಾರೋ ನೋಡಿ ವಾಟ್ಸಾಪಿನ್ಯಾಗ ಹಾಕ್ಯಾರ್ರಿ, ಎಲ್ಲಾ ಕಡೆ ಸುತ್ತೇತಿ" ಎಂದಳು ಸಮ್ರೀನ. ಅವಳ ಕಣ್ಣು ತುಂಬಿದ್ದವು.

ಬೈಯಬೇಕೆಂದು ಬಾಯಿ ತೆರೆದರು. ಬೈಗುಳ ಬರಲಿಲ್ಲ. ಏರಿಸು ಎಂದು ಪಟ್ಟು ಹಿಡಿದವರು ಯಾರು, ಬೀಗದ ಕೈ ಕಸಿದುಕೊಂಡವರು ಯಾರು? ಅದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವರದಲ್ಲ. ಸುಮ್ಮನೆ ಬೆರಳಿನಿಂದ ಪುಟವನ್ನು ಮೇಲೆ ತಳ್ಳಿದರು. ಕೆಳಗೆ ‘ಓದುಗರ ಮಾತು’ ತುಂಬಿ ತುಳುಕುತ್ತಿತ್ತು.

ಓದತೊಡಗಿದರು. ‘ಓಂ ಶಾಂತಿ.’ ‘ನಾಡಿಗೆ ತುಂಬಲಾರದ ನಷ್ಟ.’ ‘ಮಹಾನ್ ಲೇಖಕಿ.’ ನೀಲಾಬಾಯಿಯ ತುಟಿ ಕೊಂಕಿತು. ಸತ್ತವರನ್ನು ಹೊಗಳಲು ಪುಸ್ತಕ ಓದಿರಬೇಕೆಂದೇನೂ ಇಲ್ಲವಲ್ಲ. ಇದೂ ಮದುವೆ ಮನೆಯ ಮಾತೇ, ಜಾಗ ಬೇರೆ ಅಷ್ಟೇ. ಸತ್ತರೂ ಒಬ್ಬ ಓದುಗ ಸಿಗಲಿಲ್ಲ ಎನಿಸಿತು. ಪುಟ ತಳ್ಳುತ್ತಿದ್ದ ಬೆರಳು ಒಂದು ಉದ್ದನೆಯ ಬರಹದ ಮೇಲೆ ಬಂದು ನಿಂತಿತು.

‘ನಾನು ಶಾಹೀನ, ಬಬಲೇಶ್ವರ, ಪೇಟೆ ಓಣಿ. ನಮ್ಮ ಅಮ್ಮೀಗೆ ಕಣ್ಣು ಕಾಣುವುದಿಲ್ಲ, ನಾನೇ ಓದಿ ಹೇಳುತ್ತೇನೆ. ನಿಮ್ಮ ‘ಚಂಪವ್ವನ ಟ್ರಂಕು’ ಕಾದಂಬರಿಗಾಗಿ ನಮ್ಮಿಬ್ಬರಿಗೆ ಇವತ್ತಿಗೂ ಜಗಳ. ಚಂಪವ್ವ ಗಂಡನ ಮನೆಗೆ ತಿರುಗಿ ಬಂದಳು, ಕಥೆ ಮುಗಿಯಿತು ಅಂತ ನಾನು. ಅಮ್ಮೀ ಒಪ್ಪುವುದಿಲ್ಲ. ಕಡೆಯ ಸಾಲಿನಲ್ಲಿ ಆಕೆ ಟ್ರಂಕನ್ನು ಮಂಚದ ಕೆಳಗೆ ಇಡಲಿಲ್ಲ, ಬಾಗಿಲ ಹತ್ತಿರ ಇಟ್ಟಳು, ಹಾಗಾದರೆ ಮತ್ತೆ ಹೋಗುವವಳು ಅನ್ನುತ್ತಾಳೆ. ಒಮ್ಮೆ ನಿಮ್ಮನ್ನೇ ಕೇಳೋಣ ಅಂದುಕೊಂಡಿದ್ದೆವು. ಇನ್ನು ಯಾರನ್ನು ಕೇಳುವುದು?’

ನೀಲಾಬಾಯಿ ಅದನ್ನು ಮತ್ತೊಮ್ಮೆ ಓದಿದರು. ಆ ಟ್ರಂಕನ್ನು ಬಾಗಿಲ ಹತ್ತಿರ ಇಡಿಸಿದ್ದು ಅವರೇ, ಬೇಕೆಂದೇ. ವಿಮರ್ಶೆ ಬರೆದವರು, ಮುನ್ನುಡಿ ಬರೆದವರು, ವೇದಿಕೆಯ ಮೇಲೆ ಉದ್ದುದ್ದ ಮಾತಾಡಿದವರು, ಎಲ್ಲರೂ ‘ಚಂಪವ್ವ ಸಂಸಾರಕ್ಕೆ ಮರಳಿದಳು’ ಎಂದೇ ಹೇಳಿಕೊಂಡು ಬಂದಿದ್ದರು. ಒಬ್ಬರೂ ಆ ಟ್ರಂಕನ್ನು ನೋಡಿರಲಿಲ್ಲ. ನೀಲಾಬಾಯಿಯೂ ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದ ಹೆಂಗಸೊಬ್ಬಳು ಅದನ್ನು ನೋಡಿದ್ದಳು.

"ಇದನ್ನ ನೀ ಬರದಿಲ್ಲ ಹೌದಲ್ಲ?" ಎಂದು ಸಮ್ರೀನಳನ್ನು ಕೇಳಿಯೇ ಕೇಳಿದರು.

"ನಾ ನಿಮ್ಮ ಪುಸ್ತಕ ಒಂದೂ ಓದಿಲ್ರಿ ಅಮ್ಮಾರ."

ಆ ಮಾತು ಎಷ್ಟು ನಿಜವೆಂದು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ನೀಲಾಬಾಯಿ ಮತ್ತೆ ಸೆರಗು ಮುಚ್ಚಿಕೊಂಡೇ ಪಾಸ್‌ವರ್ಡ್ ಹಾಕಿದರು. ತೋರಣವೂ ದೀಪವೂ ಇಳಿದು, ಪುಟ ಮೊದಲಿನ ಹಾಗೆ ಬಿಳಿಯಾಗುವುದನ್ನು ನೋಡಿ, ಎದ್ದು ಹೋಗಿ ಬಬಲೇಶ್ವರದ ಬಸ್ಸು ಹಿಡಿದರು.

ಪೇಟೆ ಓಣಿಯಲ್ಲಿ ಶಾಹೀನಳ ಮನೆ ಕೇಳಿಕೊಂಡು ಬಾಗಿಲು ಬಡಿದರು. ತೆರೆದದ್ದು ನಡುವಯಸ್ಸಿನ ಹೆಂಗಸು. "ನಾ ನೀಲಾಬಾಯಿರಿ, ಚಂಪವ್ವನ ಟ್ರಂಕು ಬರದಾಕಿ" ಎಂದದ್ದೇ ಆಕೆ ಕದದ ಹಿಂದೆ ಸರಿದಳು.

ಒಳಗಿನಿಂದ ಮುದಿ ದನಿಯೊಂದು ಕೂಗಿತು. ಶಾಹೀನಳ ತಾಯಿ ಬಾನುಬಿ. "ಯಾರ ಬೇ ಅದು?"

"ಅಮ್ಮೀ, ಯಾರೋ ನೀಲಾಬಾಯಿ ಅಂತ ಹೇಳಾಕತ್ತಾರ."

"ನೀಲಾಬಾಯಿ ತೀರ್ಕೊಂಡಾಳ. ಫೋಟೋಕ್ಕ ಮಾಲಿ ಹಾಕಿದ್ದನ್ನ ನೀನ ಕಣ್ಣಾರೆ ನೋಡೀದಿ. ಇದ್ಯಾರೋ ಯಾಮಾರ್ಸಾಕ ಬಂದಾರ. ಕದಾ ಹಾಕು."

"ಇಲ್ರಿ, ನಾ ಖರೇ ನೀಲಾಬಾಯಿ. ಬೇಕಾರ ಆಧಾರ ಕಾರ್ಡ್ ತೋರಸ್ತೇನಿ."

"ಕಾರ್ಡ್ ಯಾರ ಬೇಕಾದ್ರೂ ಮಾಡಸ್ತಾರ. ನನಗ ಕಣ್ಣ ಬ್ಯಾರೆ ಇಲ್ಲ."

ನೀಲಾಬಾಯಿ ಹೊಸ್ತಿಲ ಹೊರಗೆ ನಿಂತರು. ಊರಿನವರನ್ನೆಲ್ಲ ಹೀಗೆ ನಿಲ್ಲಿಸಿದವರು ಅವರು. ಈಗ ತಾವೇ ತಾವೆಂದು ಹೇಳಿಕೊಳ್ಳಲು ಏನು ಮಾಡಬೇಕೋ ತಿಳಿಯಲಿಲ್ಲ. ತಿರುಗಿ ಹೋಗಿಬಿಡಬೇಕೆನಿಸಿತು. ಅಷ್ಟರಲ್ಲಿ ಒಳಗಿನ ದನಿಯೇ ಮತ್ತೆ ಬಂತು.

"ತಡಿ. ನೀ ಖರೇ ಬರದಾಕಿ ಇದ್ರ ಹೇಳು. ಆಕಿ ಟ್ರಂಕನ್ನ ಬಾಗಲ ಹತ್ರ ಯಾಕ ಇಟ್ಟಳು?"

"ಮತ್ತ ಹೊಂಟಿದ್ದಳು, ಅದಕ್ಕ" ಎಂದರು ನೀಲಾಬಾಯಿ. "ಗಂಡ ಮನಿಯಾಗ ಇಲ್ಲದಾಗ ಎತ್ತಾಕ ಹಗರ ಆಗ್ಲಿ ಅಂತ."

ಒಳಗೆ ಮಂಚ ಕಿರುಗುಟ್ಟಿತು. "ಕೇಳಿದಿ ಶಾಹೀನಾ? ಕೇಳಿದಿಲ್ಲ? ಒಳಗ ಕರಿ ಆಕೀನ" ಎಂದಳು ಬಾನುಬಿ.

ಮುದುಕಿ ಕಾಲು ಮಡಚಿಕೊಂಡು ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ನೀಲಾಬಾಯಿ ಕೂತರು. ಕೂತದ್ದೇ ಅಳು ಬಂತು. ತಡೆಯಲು ನೋಡಿದರು, ಆಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು. ಬಾನುಬಿ ತಡಕಾಡಿ ಅವರ ಮೊಣಕೈ ಹಿಡಿದುಕೊಂಡಳು.

"ಅಳ್ತಿ ಯಾಕ ಬೇ? ನೀ ಏನ ಸತ್ತಿಲ್ಲಲ್ಲ. ಆಕಿ ಹೊಂಟಳು, ಆತು. ಮುಂದ ಎಲ್ಲಿಗೆ ಹೋದಳು, ಅದನ್ನ ಹೇಳು."