ಗುಂಡವ್ವ ಮರೆ ಮಾಡಿದ ಹುಡುಗಿ

ಕನ್ನೊಳ್ಳಿಯ ಗುಂಡವ್ವ, ಗಂಡ ತೀರಿಕೊಂಡ ಮೇಲೆ ಸಿಂದಗಿಯ ಹೊರಗಿದ್ದ ಧರೆಪ್ಪನ ಆಶ್ರಮದಲ್ಲಿ ಕೆಲಸಕ್ಕೆ ನಿಂತಳು. ತಲೆ ಕೆಟ್ಟಿದೆಯೆಂದು ಮನೆಯವರು ತಂದುಬಿಟ್ಟ ಹುಡುಗ ಹುಡುಗಿಯರಿಗೆ ಅಲ್ಲಿ ಬೇರಿನ ಕಷಾಯ. ಹಟ ಮಾಡಿದರೆ ಕಾಲಿಗೆ ಸರಪಳಿ. ಉಣಿಸುವುದು, ತಲೆ ಬಾಚುವುದು ಗುಂಡವ್ವನ ಪಾಲು. ಹೊಡೆಯುವುದು ಧರೆಪ್ಪನದು.

೧೯೭೬ರಲ್ಲಿ ಸರಕಾರದ ತಾಕೀತು ಬಂತು. ಪರವಾನಗಿ ಇಲ್ಲದೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಸಾಹೇಬರು ಬಂದು ಒಬ್ಬೊಬ್ಬರನ್ನೂ ನೋಡುತ್ತಾರೆ. ಧರೆಪ್ಪ ಗೋಡೆಗೆ ಸುಣ್ಣ ಹೊಡೆಸಿ ಸರಪಳಿಗಳನ್ನು ನೆಲದೊಳಗಿನ ಕಾಳಿನ ಹಗೇವಿಗೆ ಇಳಿಸಿದ. ಆದರೆ ಅಗರಖೇಡದ ಹುಡುಗಿ ಶೇವಂತೆವ್ವನ ಕಾಲು ಸರಪಳಿ ಕೊರೆದು ಕೀವಾಗಿತ್ತು, ನಾರುತ್ತಿತ್ತು.

“ಹಾವು ಕಡದೈತಿ ಅಂತ ಹೇಳಬೇಕ, ತಿಳೀತಿಲ್ಲೊ?” ಎಂದ ಧರೆಪ್ಪ.

“ಹೌದ್ರಿ” ಎಂದಳು ಗುಂಡವ್ವ. ಮನಸ್ಸಿನಲ್ಲಿ ಬೇರೆಯೇ ಇತ್ತು. ಆ ಕಾಲು ಸಾಹೇಬರ ಕಣ್ಣಿಗೆ ಬಿದ್ದರೆ ಹುಡುಗಿ ದೊಡ್ಡ ದವಾಖಾನೆ ಸೇರುತ್ತಾಳೆ. ಬೀಳದಿದ್ದರೆ ಮಣ್ಣು ಸೇರುತ್ತಾಳೆ. ಸುತ್ತಿದ ಅರಿವೆ ಬಿಚ್ಚಿ ಅವಳನ್ನೇ ಸಾಲಿನ ಮುಂದೆ ಕೂಡ್ರಿಸಬೇಕೆಂದುಕೊಂಡಳು.

ಸಾಹೇಬರು ಬರುವ ಮುಂಜಾನೆ ಶೇವಂತೆವ್ವ ಕುಂಟುತ್ತ ಬಂದಳು. “ಅತ್ತಿ, ನಾ ಸಾಯಾಕತ್ತೇನಿ. ರಕ್ತ ಹೊಂಟೈತಿ.”

“ಸಾಯೂದಿಲ್ಲ ತಗಿ, ಹುಚ್ಚಿ! ದೊಡ್ಡಾಕಿ ಆದಿ.”

ಮೈನೆರೆದ ಹುಡುಗಿ ಮೂಲೆಗೆ ಕೂಡಬೇಕು, ಗಂಡಸರ ಕಣ್ಣಿಗೆ ಬೀಳಬಾರದು. ತಾಯಿ ಹತ್ತಿರವಿಲ್ಲದವಳಿಗೆ ಆ ಮರ್ಯಾದೆಯನ್ನು ತಾನಲ್ಲದೆ ಯಾರು ಮಾಡಬೇಕು? ಗುಂಡವ್ವ ಮುಂದಿನದನ್ನು ಯೋಚಿಸಲೇ ಇಲ್ಲ. ಹಿತ್ತಲ ಮೇವಿನ ಕೋಣೆಯಲ್ಲಿ ಚಾಪೆ ಹಾಸಿ, ಕೊಬ್ಬರಿ ಬೆಲ್ಲ ಕೈಗಿಟ್ಟು, ಬಾಗಿಲು ಮುಂದಕ್ಕೆ ಎಳೆದಳು. ಅಷ್ಟರಲ್ಲಿ ಜೀಪು ಬಂತು.

ಸಾಹೇಬ ಬಸಂತರಾಯರು ಸಾಲಿನುದ್ದಕ್ಕೂ ನಡೆದು ಬಂದು ಗುಂಡವ್ವನ ಮುಂದೆಯೇ ನಿಂತರು. “ಎಲ್ಲಾರೂ ಇಲ್ಲೇ ಅದಾರೇನವ್ವಾ?”

ಗುಂಡವ್ವ ಬಾಯಿ ತೆರೆದಳು. ಇಷ್ಟು ಗಂಡಸರ ಎದುರು ಆ ಮಾತು ಆಡುವುದು ಹೇಗೆ? ಸೆರಗು ತಾನಾಗಿ ಬಾಯಿಗೆ ಹೋಯಿತು.

“ಎಲ್ಲಾರೂ ಅದಾರ್ರಿ ಸಾಹೇಬ್ರ” ಎಂದ ಧರೆಪ್ಪ. ಸಾಹೇಬರು ಪರವಾನಗಿಗೆ ಸಹಿ ಹಾಕಿದರು.

ಜೀಪಿನ ಧೂಳು ಅಡಗುವ ಮೊದಲೇ ಧರೆಪ್ಪ ಹಿತ್ತಲಿಗೆ ಬಂದ. “ಭಾಳ ಶಾಣ್ಯಾಕಿ ಬಿಡು! ನನಗ ಹೊಳೀಲಾರದ್ದು ನಿನಗ ಹೊಳೀತು.”

“ಹಂಗಲ್ರಿ ಯಜಮಾನ್ರ, ಹುಡುಗಿ ದೊಡ್ಡಾಕಿ ಆಗ್ಯಾಳ. ಅದಕ್ಕ...”

“ಏನರ ಆಗ್ಲಿ. ಇನ್ನ ಆಕಿ ಇಲ್ಲೇ ಇರ್ಲಿ.”

ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದ. ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡು ಹೋದ.

ಒಳಗಿನಿಂದ ಕೊಬ್ಬರಿ ಅಗಿಯುವ ಸಪ್ಪಳ ಕೇಳುತ್ತಿತ್ತು. ಅದು ನಿಂತಿತು.

“ಅತ್ತಿ, ಹಿಂಗ ಎಷ್ಟ ದಿನ ಕೂಡಬೇಕ?”